ಹುಲಿಮೀಸೆಯವರ ಬಂದೂಕಿನ ಎಣ್ಣೆ

ಮೀಸೆ ಬೆಳೆಸುವುದು ಸುಲಭ. ಬೆಳೆಸಿದ ಮೇಲೆ ಅದಕ್ಕೆ ತಕ್ಕ ಹಾಗೆ ಬದುಕುವುದಿದೆಯಲ್ಲ, ಅದು ಕಷ್ಟ. ನಂಬಿಕೆ ಬಾರದಿದ್ದರೆ ಸಿಟಿ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ಹುಲಿಮೀಸೆಯವರನ್ನು ಕೇಳಿ. ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಅದು ಮೀಸೆಯ ಹಿಂದೆ ಎಲ್ಲೋ ಕಳೆದುಹೋಗಿತ್ತು. ಅವರು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟರೆ ಸಾಕು, ಟಿಕೆಟ್ ಕೈಯಲ್ಲೇ ಹಿಡಿದವರೂ ಕಳ್ಳರಂತೆ ಜೇಬು ತಡವುತ್ತಿದ್ದರು. ಅಳುವ ಮಕ್ಕಳು ಬಾಯಿ ಮುಚ್ಚುತ್ತಿದ್ದವು. ಹೊಸದಾಗಿ ಸೇರಿದ ಡ್ರೈವರೊಬ್ಬ ಗಾಬರಿಯಲ್ಲಿ ತಾನೇ ಒಂದು ಟಿಕೆಟ್ ತೆಗೆಸಿಕೊಂಡಿದ್ದನೆಂದು ಡಿಪೋದಲ್ಲಿ ಇಂದಿಗೂ ಹೇಳುತ್ತಾರೆ.

ಇಂಥ ಹುಲಿಯನ್ನೂ ಸೋಲಿಸುವ ನೆಪವೊಂದಿತ್ತು. "ಜೇಬು ಹರಿದಿತ್ತು ಸಾರ್, ಟಿಕೆಟ್ ಉದುರಿಹೋಯ್ತು" ಎಂದು ಯಾರಾದರೂ ಹರಿದ ಜೇಬನ್ನು ಹೊರಗೆಳೆದು ತೋರಿಸಿದರೆ ಹುಲಿಮೀಸೆಯವರ ಮುಖ ಕೆಂಪಾಗುತ್ತಿತ್ತು, ಮೀಸೆ ನಡುಗುತ್ತಿತ್ತು, ಏನೋ ಒಂದು ಮಾತು ನಾಲಿಗೆಯ ತುದಿಗೆ ಬಂದು ಮರಳಿ ಗಂಟಲಿಗೆ ಇಳಿಯುತ್ತಿತ್ತು. ದಂಡ ಹಾಕದೆ ಇಳಿದುಹೋಗುತ್ತಿದ್ದರು. ಪಾಪ, ಹರಿದ ಬಟ್ಟೆ ಕಂಡರೆ ಅವರ ಕರುಳು ಕರಗುತ್ತದೆ ಎಂದು ಕಂಡಕ್ಟರುಗಳು ಮಾತಾಡಿಕೊಳ್ಳುತ್ತಿದ್ದರು.

ಕರುಳೂ ಇಲ್ಲ, ಮಣ್ಣೂ ಇಲ್ಲ. ಕಾರಣವೇ ಬೇರೆ. ಹುಲಿಮೀಸೆಯವರು ದಿನಾ ಸಂಜೆ ಮನೆಗೆ ಬಂದು, ಖಾಕಿ ಅಂಗಿ ಕಳಚಿ, ಹಿಂದಿನ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡು ಎಳೆಮಕ್ಕಳ ಫ್ರಾಕು ಹೊಲಿಯುತ್ತಿದ್ದರು. ಲೇಸಿನ ಅಂಚು, ನೆರಿಗೆಯ ಕೊರಳು, ಹೊಟ್ಟೆಯ ಮೇಲೊಂದು ಮೊಲ. ಬಾಗಿಲಲ್ಲಿ ತೂಗುವ "ಪುಟಾಣಿ ಉಡುಪು" ಎಂಬ ಬೋರ್ಡು ಹೆಂಡತಿಯದು. ಅಳತೆ ತೆಗೆಯುವುದು, ಕತ್ತರಿಸುವುದು, ಗಿರಾಕಿಗಳ ಬೈಗುಳ ಕೇಳುವುದು ಅವಳ ಕೆಲಸ. ಹೊಲಿಗೆ ಪೂರ್ತಿ ಮೀಸೆಯದು. ಇದು ಗಂಡ ಹೆಂಡಿರ ನಡುವಿನ ಗುಟ್ಟು.

"ಹೊರಗೆ ಗೊತ್ತಾದ್ರೆ ಮುಗೀತು ಕಣೇ. ಮೊಲ ಹೊಲಿಯೋನಿಗೆ ಯಾವ ಪ್ರಯಾಣಿಕ ಹೆದರ್ತಾನೆ?" ಎಂದು ಅವರು ಆಗಾಗ ಹೇಳುತ್ತಿದ್ದರು.

"ನಾನ್ಯಾಕೆ ಹೇಳ್ಲಿ? ಪ್ರಾಣ ಹೋದ್ರೂ ಹೇಳಲ್ಲ" ಎಂದು ಅವಳು ಮಾತು ಕೊಟ್ಟಿದ್ದಳು. ಈ ಮಾತೇ ಮುಂದೆ ಅವರ ಕುತ್ತಿಗೆಗೆ ಬರುವುದೆಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಎದುರು ಮನೆಗೆ ನಿವೃತ್ತ ಮೇಜರ್ ಒಬ್ಬರು ಹೊಸದಾಗಿ ಬಂದರು. ಬಂದವರು ಸುಮ್ಮನಿರದೆ ಒಂದು ಸಂಜೆ ಪರಿಚಯ ಮಾಡಿಕೊಳ್ಳಲು ಬಾಗಿಲು ಬಡಿದರು. ಹೆಂಡತಿ ಅಳತೆ ತೆಗೆಯಲು ಪಕ್ಕದ ಮನೆಗೆ ಹೋಗಿದ್ದಳು. ಹೊಲಿಗೆ ಯಂತ್ರಕ್ಕೆ ಎಣ್ಣೆ ಹಾಕುತ್ತಿದ್ದ ಹುಲಿಮೀಸೆಯವರು ಹಾಗೆಯೇ ಎದ್ದು ಬಂದು ಬಾಗಿಲು ತೆರೆದರು. ಎರಡೂ ಕೈಗೆ ಎಣ್ಣೆ. ಮೀಸೆಯ ಬಲತುದಿಯಲ್ಲಿ ಬಿಳಿ ದಾರದ ಚೂರೊಂದು ನೇತಾಡುತ್ತಿತ್ತು.

ಮೇಜರ್ ಮೂಗರಳಿಸಿದರು. "ಆಹಾ! ಎಣ್ಣೆ ವಾಸನೆ! ಏನು ಮಾಡ್ತಾ ಇದ್ರಿ ಯಜಮಾನ್ರೇ?"

ಸೈಕಲ್ಲಿಗೆ ಎಣ್ಣೆ ಹಾಕುತ್ತಿದ್ದೆ ಎನ್ನಬಹುದಿತ್ತು. ಬಾಗಿಲಿನ ತಿರುಗಣಿಗೆ ಎನ್ನಬಹುದಿತ್ತು. ಆದರೆ ಎದುರಿಗೆ ನಿಂತದ್ದು ಸೈನ್ಯದ ಮೀಸೆ, ಇವರದಕ್ಕಿಂತ ಒಂದು ಗೇಣು ಕಡಿಮೆಯೇ. ಮೀಸೆಗೆ ಮೀಸೆ ಎದುರಾದಾಗ ಸೈಕಲ್ಲು ಬಾಯಿಗೆ ಬರುವುದಿಲ್ಲ.

"ಏನಿಲ್ಲ, ಬಂದೂಕು ಒರೆಸ್ತಾ ಇದ್ದೆ."

"ಬಂದೂಕಾ!" ಮೇಜರ್ ಹಾಗೆಯೇ ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂತರು. "ಈ ಬೀದೀಲಿ ಮನುಷ್ಯರೇ ಇಲ್ಲ ಅಂದ್ಕೊಂಡಿದ್ದೆ. ಹೇಳಿ, ಕ್ಲೀನರ್ ಬೇರೆ, ಎಣ್ಣೆ ಬೇರೆ ಇಟ್ಟಿದ್ದೀರೋ? ಇಲ್ಲ, ಈಗಿನವರ ಥರ ಎರಡಕ್ಕೂ ಒಂದೇ ಬಾಟಲಿಯೋ?"

ಹುಲಿಮೀಸೆಯವರು ಬಂದೂಕನ್ನು ನೋಡಿದ್ದು ಬ್ಯಾಂಕಿನ ಕಾವಲುಗಾರನ ಹೆಗಲ ಮೇಲೆ, ಅದೂ ದೂರದಿಂದ. ಆದರೆ ಜಿಡ್ಡು, ಕಬ್ಬಿಣ, ಎಣ್ಣೆ ಇವುಗಳ ವಿಷಯದಲ್ಲಿ ಅವರಿಗೆ ಖಚಿತವಾದ ಅಭಿಪ್ರಾಯಗಳಿದ್ದವು. ಇಷ್ಟು ವರ್ಷ ಅವನ್ನು ಹೇಳಲು ಒಂದು ಕಿವಿ ಸಿಕ್ಕಿರಲಿಲ್ಲ.

"ಎರಡಕ್ಕೂ ಒಂದೇನಾ? ಛೇ! ಸೋಪಲ್ಲಿ ತಲೆ ತೊಳೆದು ಆಮೇಲೆ ಅದೇ ಸೋಪನ್ನ ಎಣ್ಣೆ ಅಂತ ಹಚ್ಕೊಳ್ತೀರಾ ಮೇಜರ್ ಸಾಹೇಬ್ರೇ? ಮೊದಲು ಹಳೇ ಜಿಡ್ಡೆಲ್ಲ ಕರಗಿಸಿ ತೆಗೀಬೇಕು. ಒರೆಸಿ ಒಣಗಿಸಬೇಕು. ಆಮೇಲೆ ಎಣ್ಣೆ."

ಮೇಜರ್ ತೊಡೆ ತಟ್ಟಿದರು. "ಇದನ್ನೇ ನಾನು ಬಡ್ಕೊಂಡಿದ್ದು! ಒಬ್ಬನೂ ಕೇಳ್ಲಿಲ್ಲ. ಎಣ್ಣೆ ಎಷ್ಟು ಹಾಕ್ತೀರಿ?"

"ಒಂದೊಂದು ಕಡೆ ಒಂದೇ ತೊಟ್ಟು. ಹೆಚ್ಚಾದ್ರೆ ಧೂಳು ಕೂತು ಅಂಟು ಅಂಟಾಗುತ್ತೆ. ಹಾಕಿದ ಮೇಲೆ ಒಂದಷ್ಟು ಹೊತ್ತು ಖಾಲಿ ಓಡಿಸ್ಬೇಕು."

"ಖಾಲಿ ಅಂದ್ರೆ, ಗುಂಡಿಲ್ದೆ?"

"ದಾರ... ಹೂಂ ಹೂಂ, ಗುಂಡಿಲ್ದೆ."

"ಶಾಭಾಷ್. ಒರೆಸೋಕೆ ಎಂಥ ಬಟ್ಟೆ?"

ಬಟ್ಟೆ ಎಂದೊಡನೆ ಹುಲಿಮೀಸೆಯವರು ತಮ್ಮನ್ನೇ ಮರೆತರು. ಹೊಸ ಬಟ್ಟೆಯಲ್ಲಿ ಗಂಜಿ ಇರುವುದನ್ನೂ, ಹಳೆಯ ಹತ್ತಿಬಟ್ಟೆಯೇ ಎಣ್ಣೆ ಹೀರುವುದನ್ನೂ, ಓರೆಯಾಗಿ ಕತ್ತರಿಸಿದರೆ ನೂಲು ಬಿಡದಿರುವುದನ್ನೂ ವಿವರಿಸಿದರು. ಮೇಜರರ ಕಣ್ಣು ತುಂಬಿ ಬಂತು. ಕೊನೆಗೆ ಅವರು ಮುಂದಕ್ಕೆ ಬಾಗಿ ಮೆಲ್ಲಗೆ ಕೇಳಿದರು. "ನಿಮ್ದು ಹೆಂಗೆ, ಒಂದೇ ನಳಿಗೇದೋ, ಜೋಡಿ ನಳಿಗೇದೋ? ಬೇಗ ಬೇಗ ಹೊಡೆಯುತ್ತಾ?"

ನಳಿಗೆಯ ವಿಷಯ ಹುಲಿಮೀಸೆಯವರಿಗೆ ತಿಳಿಯದು. ವೇಗದ ವಿಷಯ ಮಾತ್ರ ಯಂತ್ರದ ಪೆಟ್ಟಿಗೆಯ ಮೇಲೇ ಅಚ್ಚಾಗಿತ್ತು. ಅದನ್ನೇ ಹೇಳಿದರು.

"ಮೋಟಾರ್ ಹಾಕಿದ್ರೆ ನಿಮಿಷಕ್ಕೆ ಆರುನೂರು."

ಮೇಜರ್ ಎದ್ದು ನಿಂತರು. ತಾವು ಬಂದ ಮನೆ ಯಾವುದೆಂದು ಒಮ್ಮೆ ಸುತ್ತ ನೋಡಿ, ನೇರ ನಿಂತು ಸೆಲ್ಯೂಟ್ ಹೊಡೆದು ಹೊರಟುಹೋದರು.

ಮರುದಿನ ಬೆಳಿಗ್ಗೆಯೇ ಮತ್ತೆ ಬಂದರು. ತಮ್ಮ ಲೈಸೆನ್ಸಿನ ಬಂದೂಕಿಗೆ ಹೊಸ ಎಣ್ಣೆ ಕೊಳ್ಳಬೇಕು, ಇಷ್ಟು ತಿಳಿದವರು ಎದುರಿಗೇ ಇರುವಾಗ ಒಬ್ಬರೇ ಹೋಗುವುದು ಅಪಚಾರ ಎಂದರು. ಒಲ್ಲೆ ಎಂದರೆ ಸುಳ್ಳು ಬಯಲಾಗುತ್ತದೆ, ಹೂಂ ಎಂದರೆ ಇನ್ನೊಂದು ಸುಳ್ಳು ಬೇಕಾಗುತ್ತದೆ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಮುಖದಲ್ಲಿ ಹುಲಿಮೀಸೆಯವರು ಬಂದೂಕಿನ ಅಂಗಡಿಗೆ ನಡೆದರು.

ಅಂಗಡಿಯವನು ಬಾಯಿಬಡಕ. ಕೌಂಟರಿನ ಮೇಲೆ ಬಾಟಲಿಗಳನ್ನು ಸಾಲಾಗಿ ಇಟ್ಟ. "ಇದು ನೋಡಿ ಸಾರ್, ತೊಳೆಯೋದೂ ಇದೇ, ಎಣ್ಣೇನೂ ಇದೇ, ತುಕ್ಕು ತಡೆಯೋದೂ ಇದೇ."

"ಅಡುಗೇನೂ ಅದ್ರಲ್ಲೇ ಮಾಡ್ಬಹುದಾ?" ಎಂದು ಹುಲಿಮೀಸೆಯವರು ಕೇಳಿದರು. ಮೇಜರ್ ಹೆಮ್ಮೆಯಿಂದ ಅಂಗಡಿಯವನತ್ತ ನೋಡಿದರು.

ಮೊದಲು ಕ್ಲೀನರ್ ಆರಿಸಬೇಕಾಯಿತು. ಹುಲಿಮೀಸೆಯವರು ಒಂದೊಂದನ್ನೇ ಮೂಸಿದರು. ಒಂದು ಬಾಟಲಿ ಮೂಸಿದಾಗ ಕಣ್ಣಲ್ಲಿ ನೀರು ಕಿತ್ತುಕೊಂಡು ಬಂದು, ಮೀಸೆಯ ಎರಡೂ ತುದಿ ತಾವಾಗಿಯೇ ಮೇಲೆದ್ದವು. "ಇದು ಜಿಡ್ಡು ತೆಗೆಯುತ್ತೆ" ಎಂದರು. ಆಮೇಲೆ ಎಣ್ಣೆ. ಜೇಬಿನಿಂದ ಬಿಳಿ ಬಟ್ಟೆಯ ತುಂಡೊಂದನ್ನು ತೆಗೆದು ಕೌಂಟರಿನ ಮೇಲೆ ಹಾಸಿದರು. ಅದಕ್ಕೆ ಒಂದು ಅಂಚಿನಲ್ಲಿ ಲೇಸು ಇತ್ತು. ಮೇಜರ್ ನೋಡಿದರು, ಅಂಗಡಿಯವನೂ ನೋಡಿದ, ಇಬ್ಬರಿಗೂ ಕೇಳುವ ಧೈರ್ಯವಾಗಲಿಲ್ಲ. ಪ್ರತಿ ಬಾಟಲಿಯಿಂದ ಒಂದೊಂದು ತೊಟ್ಟು ಬಟ್ಟೆಯ ಮೇಲೆ ಬಿಟ್ಟು, ಅಂಗಡಿಯವನ ಕುಡಿಯುವ ನೀರಿನಲ್ಲಿ ಅದ್ದಿ ಉಜ್ಜಿದರು. ಉಳಿದವೆಲ್ಲ ಹಳದಿ ಕಲೆ ಬಿಟ್ಟವು. ನೀರಿನಷ್ಟು ತಿಳಿಯಾಗಿದ್ದ ಒಂದು ಎಣ್ಣೆ ಗುರುತೂ ಉಳಿಸದೆ ಹೋಯಿತು.

"ಇದೇ" ಎಂದರು.

"ಸಾರ್, ನಮ್ಮಪ್ಪನ ಕಾಲದಿಂದ ಅಂಗಡಿ ಇದೆ. ಬಂದೂಕಿನ ಎಣ್ಣೇನ ಬಟ್ಟೆ ಮೇಲೆ ಪರೀಕ್ಷೆ ಮಾಡಿದೋರು ನೀವೇ ಮೊದಲು."

"ಯಾಕ್ರೀ, ಬಂದೂಕು ಹಿಡಿಯೋರು ಬಟ್ಟೆ ಹಾಕಲ್ವಾ?"

ಅಂಗಡಿಯವನು ನಿರುತ್ತರನಾದ. ಹುಟ್ಟಿದಾಗಿನಿಂದ ಅವನು ನಿರುತ್ತರನಾದದ್ದು ಅದೇ ಮೊದಲು. ಆ ಅವಮಾನವನ್ನು ಅವನು ಮರೆಯಲಿಲ್ಲ. ಮೇಜರ್ ಅವನ ಕಿವಿಯಲ್ಲಿ "ಇವರ ಹತ್ರ ಇರೋದು ನಿಮಿಷಕ್ಕೆ ಆರುನೂರು ಹೊಡೆಯೋದು" ಎಂದು ಉಸುರಿದ್ದನ್ನಂತೂ ಮರೆಯಲೇ ಇಲ್ಲ. ಆರಿಸಿಕೊಟ್ಟ ಉಪಕಾರಕ್ಕೆ ಮೇಜರ್ ಕ್ಲೀನರಿನ ಬಾಟಲಿ ಒಂದನ್ನು ಹುಲಿಮೀಸೆಯವರಿಗೆ ಕಾಣಿಕೆ ಕೊಟ್ಟು, ಎಣ್ಣೆಯನ್ನು ತಾವು ಒಯ್ದರು.

ಇಲಿ ಬಂತು ಅಂದರೆ ಹುಲಿ ಬಂತು ಅನ್ನುವ ಜನ ನಾವು. ಇಲ್ಲಿ ಹುಲಿಯೇ ಬಂದಿದೆ ಎಂದರೆ ಕೇಳಬೇಕೆ? ಆರುನೂರರ ಸುದ್ದಿ ಮೇಜರರ ಬಾಯಿಂದ ಹೊರಬಿದ್ದದ್ದೇ ತಡ, ಬೀದಿಗೆ ಬೀದಿಯೇ ಮರ್ಯಾದೆ ಕಲಿಯಿತು. ಪೇಪರಿನವನು ಪತ್ರಿಕೆಯನ್ನು ಎಸೆಯುವುದು ಬಿಟ್ಟು ಬಾಗಿಲಲ್ಲಿ ಮಗುವನ್ನು ಮಲಗಿಸುವಂತೆ ಇಟ್ಟು ಹೋಗತೊಡಗಿದ. ಗೇಟಿಗೆ ಅಡ್ಡ ಕಾರು ನಿಲ್ಲಿಸುತ್ತಿದ್ದವನು ಕಾರನ್ನೇ ಮಾರಿದನಂತೆ. ಹುಲಿಮೀಸೆಯವರ ಮೀಸೆಗೆ ಈ ದಿನಗಳಲ್ಲಿ ಎರಡು ಹೊತ್ತು ಬಾಚಣಿಗೆ.

ಹೆಂಡತಿಗೆ ಮಾತ್ರ ಸಮಾಧಾನವಿರಲಿಲ್ಲ. "ರೀ, ಇಲ್ಲದ ಬಂದೂಕಿಗೆ ಎಣ್ಣೆ ಆರಿಸ್ಕೊಂಡು ಬಂದ್ರಲ್ಲ, ನಾಳೆ ಯಾರಾದ್ರೂ ತೋರ್ಸಿ ಅಂದ್ರೆ ಮೊಲ ತೋರಿಸ್ತೀರಾ?"

ಇದಕ್ಕೆ ಉತ್ತರವಾಗಿ ಅವರು ಮೀಸೆ ತಿರುವಿದರು. ಮೀಸೆ ಇರುವುದೇ ಇಂಥ ಪ್ರಶ್ನೆಗಳಿಗೆ.

ಪಕ್ಕದ ಮನೆಯಲ್ಲಿ ಬೀದಿಯ ಸಂಘದ ಅಧ್ಯಕ್ಷೆ ಇದ್ದರು. ಅವರ ಅಡುಗೆಮನೆಗೂ ಹುಲಿಮೀಸೆಯವರ ಹಿಂದಿನ ಕೋಣೆಗೂ ಒಂದೇ ಗೋಡೆ. ಸಂಜೆಯಾದರೆ ಆ ಗೋಡೆಯಿಂದ ಟರ್ರ್ ಟರ್ರ್ ಎಂಬ ಸದ್ದು ಬರುವುದು ಅವರಿಗೆ ಮೊದಲಿನಿಂದ ಗೊತ್ತು. ಹೊಲಿಗೆಯ ಸದ್ದೆಂದು ಸುಮ್ಮನಿದ್ದರು. ಆರುನೂರರ ಸುದ್ದಿ ಕಿವಿಗೆ ಬಿದ್ದ ಮೇಲೆ ಅವರಿಗೊಂದು ಸಂಗತಿ ನೆನಪಾಯಿತು. ಮೇಜರ್ ಬಂದ ಆ ಸಂಜೆ ಹುಲಿಮೀಸೆಯವರ ಹೆಂಡತಿ ತಮ್ಮ ಮನೆಯಲ್ಲೇ ಮೊಮ್ಮಗಳ ಅಳತೆ ತೆಗೆಯುತ್ತಿದ್ದಳು. ಆಗಲೂ ಗೋಡೆಯ ಆಚೆ ಟರ್ರ್ ಎಂದಿತ್ತು. ಹಾಗಾದರೆ ಹೊಲಿದವರು ಯಾರು? ಅವರು ಲೋಟವನ್ನು ಗೋಡೆಗೆ ಒತ್ತಿ ಕಿವಿ ಇಟ್ಟರು. ಒಳಗಿನಿಂದ ಚಿಲಕ ಬೀಳುವುದನ್ನೂ ಆಮೇಲಿನ ಟರ್ರನ್ನೂ ಕೇಳಿ, ಬೆವರಿ, ಲೋಟ ಕೆಳಗಿಟ್ಟು ಪೊಲೀಸ್ ಠಾಣೆಗೆ ಫೋನು ಮಾಡಿದರು. ಅತ್ತ ಅಂಗಡಿಯವನೂ ಫೋನು ಮಾಡಿದ್ದ. ನಿರುತ್ತರನಾದವನ ಸೇಡು ಅದು.

ಭಾನುವಾರ ಬೆಳಿಗ್ಗೆ ಹುಲಿಮೀಸೆಯವರು ಕಾಣಿಕೆಯ ಕ್ಲೀನರಿನಲ್ಲಿ ತಮ್ಮ ಯಂತ್ರವನ್ನು ಅಡಿಯಿಂದ ಮುಡಿಯವರೆಗೆ ತೊಳೆದು, ಹಳೆಯ ಜಿಡ್ಡಿನ ಕೊನೆಯ ಚುಕ್ಕೆಯನ್ನೂ ತೆಗೆದು, ಇನ್ನೇನು ಎಣ್ಣೆ ಹಾಕಬೇಕು ಎನ್ನುವಾಗ ಬಾಗಿಲು ಬಡಿಯಿತು. ಇನ್ಸ್‌ಪೆಕ್ಟರ್, ಒಬ್ಬ ಪೇದೆ, ಅವರ ಹಿಂದೆ ಅಧ್ಯಕ್ಷೆ, ಮೇಜರ್, ಉಳಿದಂತೆ ಬೀದಿ.

"ಬಂದೂಕು ಎಲ್ಲಿ?" ಎಂದರು ಇನ್ಸ್‌ಪೆಕ್ಟರ್.

"ಯಾವ ಬಂದೂಕು?"

"ನಿಮಿಷಕ್ಕೆ ಆರುನೂರು ಹೊಡೆಯೋದು. ಲೈಸೆನ್ಸ್ ಇಲ್ಲದ್ದು. ಸುಮ್ನೆ ಒಪ್ಕೊಂಡ್ರೆ ನಿಮಗೇ ಒಳ್ಳೇದು. ಇಲ್ದಿದ್ರೆ ಕೆಲಸಾನೂ ಹೋಗುತ್ತೆ, ನೀವೂ ಒಳಗೆ ಹೋಗ್ತೀರಿ."

ಕೋಣೆಗಳನ್ನು ಜಾಲಾಡಿದರು. ಹಾಸಿಗೆ ಎತ್ತಿದರು, ಅಕ್ಕಿ ಡಬ್ಬದಲ್ಲಿ ಕೈಯಾಡಿಸಿದರು. ಸಿಕ್ಕಿದ್ದು ಮೂಗು ಸುಡುವ ಬಂದೂಕಿನ ಕ್ಲೀನರ್ ಒಂದು ಬಾಟಲಿ, ಎಣ್ಣೆಯ ಸಣ್ಣ ಡಬ್ಬಿ ಒಂದು. ಪೇದೆ ಎರಡನ್ನೂ ಚೀಲಕ್ಕೆ ಹಾಕಿ ಅರಗಿನ ಮುದ್ರೆ ಒತ್ತಿಬಿಟ್ಟ.

"ಆ ಎಣ್ಣೆ ಹೊಲಿಗೆ ಯಂತ್ರದ್ದು ಸಾರ್" ಎಂದರು ಹುಲಿಮೀಸೆಯವರು. ಮೀಸೆಯ ಒಂದು ತುದಿ ಆಗಲೇ ಇಳಿದಿತ್ತು.

ಇನ್ಸ್‌ಪೆಕ್ಟರ್ ಹೆಂಡತಿಯತ್ತ ತಿರುಗಿದರು. "ಹೊಲಿಗೆ ಯಂತ್ರ ಯಾರದಮ್ಮ?"

ಕೊಟ್ಟ ಮಾತು ಕೊಟ್ಟ ಮಾತೇ. ಅವಳು ಸೆರಗು ಬಿಗಿದು ಮುಂದೆ ಬಂದಳು. "ನಂದು ಸಾರ್. ಹೊಲಿಯೋಳು ನಾನು. ನಮ್ಮನೆಯವರು ಆ ಕೋಣೆಗೆ ಕಾಲೇ ಇಡಲ್ಲ. ಅವ್ರಿಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ."

"ಮತ್ತೆ ಮೇಜರ್ ಬಂದ ದಿನ ಇವರ ಕೈಗೆ ಎಣ್ಣೆ ಹೇಗೆ ಬಂತು? ಕೋಣೆಗೆ ಕಾಲಿಡದವರು ಒಳಗೆ ಚಿಲಕ ಹಾಕ್ಕೊಂಡು ಏನು ಮಾಡ್ತಾರೆ?"

"ಅದೇನೋ ನನಗೆ ಗೊತ್ತಿಲ್ಲ ಸಾರ್. ಹೊಲಿಗೆ ಮಾತ್ರ ಅಲ್ಲ. ದೇವರಾಣೆ ಹೊಲಿಗೆ ಅಲ್ಲ."

ಹುಲಿಮೀಸೆಯವರು ಕಣ್ಣು ಮಿಟುಕಿಸಿದರು, ಕೆಮ್ಮಿದರು, ಹಿಂದಿನಿಂದ ಸೆರಗು ಜಗ್ಗಿದರು. ಗಂಡ ಹೆದರಿದ್ದಾನೆಂದು ತಿಳಿದು ಆ ಸಾಧ್ವಿ ಇನ್ನೂ ಗಟ್ಟಿಯಾದಳು. "ಗಂಡಸು ಸಾರ್ ಇವ್ರು, ಹುಲಿ! ಇವ್ರ ಮುಖ ನೋಡಿ, ಮೊಲ ಹೊಲಿಯೋರ ಥರ ಇದ್ದಾರಾ?"

"ಮೊಲದ ಮಾತು ಯಾರು ಎತ್ತಿದ್ರು?" ಎಂದು ಇನ್ಸ್‌ಪೆಕ್ಟರ್ ಹುಬ್ಬು ಗಂಟಿಕ್ಕಿದರು. "ನಡೀರಿ ಠಾಣೆಗೆ."

ಪೇದೆ ತೋಳು ಹಿಡಿದ. ಆಗ ಹುಲಿಮೀಸೆಯವರು ಕೂಗಿಬಿಟ್ಟರು. "ನಾನೇ! ನಾನೇ ಹೊಲಿಯೋದು! ಫ್ರಾಕು, ಟೋಪಿ, ಲೇಸು, ಮೊಲ, ಎಲ್ಲಾ ನಾನೇ!"

ಬೀದಿ ಬಿದ್ದು ಬಿದ್ದು ನಕ್ಕಿತು. ಇನ್ಸ್‌ಪೆಕ್ಟರಿಗೂ ನಗು ತಡೆಯಲಾಗಲಿಲ್ಲ. "ಕಥೆ ಕಟ್ಟಿದ್ರೂ ಮೀಸೆಗೆ ಒಪ್ಪೋ ಹಾಗೆ ಕಟ್ಟಿ ಯಜಮಾನ್ರೇ."

ಇಷ್ಟು ವರ್ಷ ಯಾವ ನಿಜ ಹೊರಬಿದ್ದರೆ ಗತಿಯೇನೆಂದು ಹೆದರಿದ್ದರೋ, ಆ ನಿಜವನ್ನು ತಾವೇ ಕೂಗಿ ಹೇಳಿದರೂ ನಂಬುವವರಿಲ್ಲ. ಹುಲಿಮೀಸೆಯವರಿಗೆ ಅಳುವೇ ಬಂತು. "ಕೂತು ಹೊಲಿದು ತೋರಿಸ್ತೀನಿ. ಬರಲಿಲ್ಲ ಅಂದ್ರೆ ಎಲ್ಲಿಗಾದ್ರೂ ಕರ್ಕೊಂಡು ಹೋಗಿ" ಎಂದರು.

ಹಿಂದಿನ ಕೋಣೆಗೆ ಎಲ್ಲರೂ ನುಗ್ಗಿದರು. ಜಾಗ ಸಾಲದವರು ಕಿಟಕಿಗೆ ಜೋತುಬಿದ್ದರು. ಯಂತ್ರದ ಮೇಲೆ ಅರೆ ಹೊಲಿದ ಹಾಲುಬಿಳುಪಿನ ಫ್ರಾಕೊಂದಿತ್ತು. ಮೊಲಕ್ಕೆ ಒಂದೇ ಕಿವಿ ಆಗಿತ್ತು. ಹುಲಿಮೀಸೆಯವರು ದಾರ ಪೋಣಿಸಿ ಮೋಟಾರಿನ ಗುಂಡಿ ಒತ್ತಿದರು. ಯಂತ್ರ ಕಿರ್ರೋ ಎಂದು ಒಮ್ಮೆ ಅರಚಿ ನಿಂತುಹೋಯಿತು. ಜಿಡ್ಡನ್ನೆಲ್ಲ ತೊಳೆದಾಗಿದೆ, ಎಣ್ಣೆ ಹಾಕಿಲ್ಲ.

"ಎಣ್ಣೆ!" ಎಂದರು ಹುಲಿಮೀಸೆಯವರು. "ಆ ಚೀಲ ಬಿಚ್ಚಿ ಸಾರ್, ಒಂದು ತೊಟ್ಟು!"

"ಮುದ್ರೆ ಬಿದ್ದಾಗಿದೆ. ಕೋರ್ಟಲ್ಲೇ ಬಿಚ್ಚೋದು" ಎಂದ ಪೇದೆ ಚೀಲವನ್ನು ಎದೆಗವಚಿಕೊಂಡ.

ಈ ಹೊತ್ತಿಗೆ ಮೇಜರರ ತಲೆಯಲ್ಲಿ ಒಂದೊಂದೇ ದೀಪ ಹತ್ತುತ್ತಿತ್ತು. ಖಾಲಿ ಓಡಿಸುವುದು, ಮೀಸೆಯ ಮೇಲಿನ ದಾರ, ಲೇಸಿನ ಬಟ್ಟೆ, ಮೋಟಾರು, ಆರುನೂರು. "ಅಯ್ಯೋ ನನ್ನ ಬುದ್ಧಿಗಿಷ್ಟು" ಎಂದು ಹಣೆ ಚಚ್ಚಿಕೊಂಡು, ಆ ವಯಸ್ಸಿನಲ್ಲೂ ಬೀದಿಯ ಅಡ್ಡಕ್ಕೆ ಓಡಿ, ತಮ್ಮ ಮನೆಯಿಂದ ಬಂದೂಕಿನ ಎಣ್ಣೆಯ ಬಾಟಲಿಯೊಂದಿಗೆ ಓಡೋಡಿ ಬಂದರು. ಬಂದ ರಭಸಕ್ಕೆ ಬಾಟಲಿ ಕುಲುಕಿ, ಬಿಳಿ ಫ್ರಾಕಿನ ಎದೆಯ ಮೇಲೇ ದೊಡ್ಡದೊಂದು ತೊಟ್ಟು ಬಿತ್ತು.

"ಹೋಯ್ತು!" ಎಂದು ಕಿಟಕಿಯಲ್ಲಿದ್ದವರೆಲ್ಲ ಒಟ್ಟಿಗೆ ಕಿರುಚಿದರು. ಮೇಜರ್ ಬಿಳಿಚಿಕೊಂಡರು.

ಹುಲಿಮೀಸೆಯವರು ಕದಲಲಿಲ್ಲ. ಒದ್ದೆ ಬಟ್ಟೆಯಿಂದ ಮೆಲ್ಲಗೆ ಒತ್ತಿ ಒರೆಸಿದರು. ಕಲೆ ಮಾಯ. "ಸುಮ್ನೆ ಆರಿಸಿದ್ದಲ್ಲ ಮೇಜರ್ ಸಾಹೇಬ್ರೇ" ಎಂದರು. ಅಲ್ಲಲ್ಲಿ ಒಂದೊಂದು ತೊಟ್ಟು ಬಿಟ್ಟು, ಒರೆಸಿ, ಸ್ವಲ್ಪ ಹೊತ್ತು ಖಾಲಿ ಓಡಿಸಿ, ಆಮೇಲೆ ಹೊಲಿಯತೊಡಗಿದರು. ಗೋಡೆಗೆ ಲೋಟ ಒತ್ತಿದಾಗ ಅಧ್ಯಕ್ಷೆಗೆ ಕೇಳಿಸಿದ್ದ ಅದೇ ಟರ್ರ್ ಟರ್ರ್ ಕೋಣೆ ತುಂಬಿತು. ಮೊಲದ ಎರಡನೆಯ ಕಿವಿ ಎದ್ದು ನಿಂತಿತು. ಕೊರಳ ಸುತ್ತ ನೆರಿಗೆ ಅಲೆಯಲೆಯಾಗಿ ಕೂತಿತು. ದಪ್ಪ ಬೆರಳುಗಳು ಲೇಸನ್ನು ನಡೆಸಿಕೊಂಡು ಹೋಗುವ ಅಂದಕ್ಕೆ ನಗುವುದನ್ನೇ ಎಲ್ಲರೂ ಮರೆತರು.

ಮೊದಲು ಬಾಯಿಬಿಟ್ಟವರು ಅಧ್ಯಕ್ಷೆ. "ಹಾಗಾದ್ರೆ ನನ್ನ ಮೊಮ್ಮಗಳ ಟೋಪಿ ಲೇಸು ಸರಿಯಿಲ್ಲ ಅಂತ ಮತ್ತೆ ಮತ್ತೆ ಬಿಚ್ಚಿಸಿದ್ದು ನಿಮ್ಮ ಕೈಲೇನಾ?"

"ಹೌದಮ್ಮ. ಕೊನೇ ಸಲ ಬಿಚ್ಚೋವಾಗ ಅತ್ತಿದ್ದೆ."

ಇನ್ಸ್‌ಪೆಕ್ಟರ್ ಫ್ರಾಕನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ನೋಡಿದರು. ಟೋಪಿ ತೆಗೆದು ಗಂಟಲು ಸರಿಪಡಿಸಿಕೊಂಡರು. "ಬಂದೂಕು ಇಲ್ಲ ಅಂತ ಬರ್ಕೊಳ್ಳಯ್ಯ" ಎಂದು ಪೇದೆಗೆ ಗದರಿಸಿ, ದನಿ ತಗ್ಗಿಸಿ ಹುಲಿಮೀಸೆಯವರನ್ನು ಕೇಳಿದರು. "ನನ್ನ ಮಗಳಿಗೆ ಮುಂದಿನ ತಿಂಗಳು ಹೆರಿಗೆ. ಮೊಲದ ಬದಲು ಆನೆ ಮಾಡೋಕಾಗುತ್ತಾ?"

ಬೀದಿಯಲ್ಲೇನೋ ಮರ್ಯಾದೆ ಉಳಿಯಿತು. ಆದರೆ ಹುಲಿಮೀಸೆಯವರಿಗೆ ಚಿಂತೆ ಇದ್ದದ್ದು ಸೋಮವಾರದ್ದು. ಸುದ್ದಿ ಅವರಿಗಿಂತ ಮೊದಲೇ ಬಸ್ಸು ಹತ್ತಿತ್ತು. ಮೆಟ್ಟಿಲ ಮೇಲೆ ಕಾಲಿಟ್ಟರು. ಯಾರೂ ಜೇಬು ತಡವಲಿಲ್ಲ. ಮಗುವೊಂದು ಅವರನ್ನು ನೋಡಿ ಕಿಲಕಿಲ ನಕ್ಕಿತು. ಹಿಂದಿನ ಸೀಟಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಕನ್ನಡಕದವನೊಬ್ಬ ಹಲ್ಲು ಕಿರಿಯುತ್ತಲೇ ಇದ್ದ.

"ಟಿಕೆಟ್?"

"ಜೇಬು ಹರಿದಿತ್ತು ಸಾರ್, ಉದುರಿಹೋಯ್ತು" ಎಂದು ಅವನು ಜೇಬನ್ನು ಹೊರಗೆಳೆದ. ಬಸ್ಸು ಪೂರ್ತಿ ಮುಸಿಮುಸಿ ನಕ್ಕಿತು.

ಎಂದಿನ ಹಾಗೆ ಹುಲಿಮೀಸೆಯವರ ಮುಖ ಕೆಂಪಾಯಿತು, ಮೀಸೆ ನಡುಗಿತು, ಮಾತು ನಾಲಿಗೆಯ ತುದಿಗೆ ಬಂತು. ಇಷ್ಟು ವರ್ಷ ನುಂಗಿದ್ದ ಮಾತು. ಇನ್ನು ನುಂಗಲು ಕಾರಣವಿರಲಿಲ್ಲ.

ಅವರು ಜೇಬನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಒಡ್ಡಿದರು. "ಜೇಬು ಸವೆದು ಹರಿದ್ರೆ ಹೊಲಿಗೆ ಬಿಡುತ್ತೆ, ಅಂಚಲ್ಲಿ ನೂಲು ಎದ್ದಿರುತ್ತೆ. ಇಲ್ಲಿ ಹೊಲಿಗೆ ಕಲ್ಲಿನಂತಿದೆ, ಬಟ್ಟೆ ಮಾತ್ರ ನೆಟ್ಟಗೆ ಸೀಳಿದೆ. ಇದು ಕತ್ತರೀಲಿ ಮಾಡಿದ್ದು. ನೂಲಿನ್ನೂ ಬೆಳ್ಳಗಿದೆ, ಇವತ್ತು ಬೆಳಿಗ್ಗೆ ಮಾಡಿದ್ದು. ಕತ್ತರಿ ಮೊಂಡು. ಎಡಗೈಯಲ್ಲಿ ಕತ್ತರಿಸಿದ್ದೀರಿ."

ಅವನ ಎಡಗೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು. ಮುಂದಿನ ಸೀಟಿನ ಇಬ್ಬರು ತಮ್ಮ ತಮ್ಮ ಜೇಬುಗಳನ್ನು ಅಂಗೈಯಿಂದ ಮುಚ್ಚಿಕೊಂಡು ಮೆಲ್ಲಗೆ ಕಂಡಕ್ಟರನ ಕಡೆಗೆ ಸರಿದರು. ಹುಲಿಮೀಸೆಯವರು ದಂಡದ ರಸೀದಿ ಹರಿದುಕೊಟ್ಟು, ಕಾಲರಿನ ಹಿಂದೆ ಸಿಕ್ಕಿಸಿಕೊಂಡಿದ್ದ ಸೂಜಿಯನ್ನು ಎಲ್ಲರ ಎದುರಿಗೇ ಹೊರತೆಗೆದರು.

"ಕೂತ್ಕೊಳ್ಳಿ, ಅಲ್ಲಾಡ್ಬೇಡಿ" ಎಂದರು. "ಹೊಲಿದುಕೊಡ್ತೀನಿ."